ಒಂದು ಬಟ್ಟಲು, ಎರಡು ಜೀವ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಧಾನ್ಯದ ವ್ಯಾಪಾರ ಮಾಡುವ ಹಿರಿಯ ಶ್ರಾವಕರೊಬ್ಬರ ಮನೆಗೆ ಮೊಮ್ಮಗನ ಹಟದಿಂದ ಎರಡು ಗಿನಿಪಿಗ್‌ಗಳು ಬಂದವು. ಎರಡೂ ಗಂಡು, ಒಂದೇ ತಾಯಿಯ ಮರಿಗಳು. ಮೊದಮೊದಲು ಮೈಗೆ ಮೈ ತಾಗಿಸಿ ಮಲಗುತ್ತಿದ್ದವು. ಪ್ರಾಯಕ್ಕೆ ಬರುತ್ತಲೇ ಗುರುಗುಟ್ಟುವುದು, ಹಲ್ಲು ಕಟಕಟಿಸುವುದು, ಒಂದನ್ನೊಂದು ಅಟ್ಟುವುದು ಮೊದಲಾಯಿತು.

ಮನೆಯೊಳಗೆ ಹಿಂಸೆ ಬೇಡವೆಂದು ಹಿರಿಯರು ಒಂದನ್ನು ಖಾನಾಪುರದ ಮಗಳ ಮನೆಗೆ ಕಳುಹಿಸಿದರು. ಜಗಳವೇನೋ ನಿಂತಿತು. ಆದರೆ ಉಳಿದ ಪ್ರಾಣಿ ಮೂಲೆ ಸೇರಿ ಹುಲ್ಲು ಮುಟ್ಟದಾಯಿತು. ಖಾನಾಪುರದಿಂದಲೂ ಅದೇ ವಾರ್ತೆ ಬಂದಿತು.

ಪಶುವೈದ್ಯರು ಮೊದಲು ಚಿಕಿತ್ಸೆ ಮಾಡಿದರು. ಒಂದು ದಿನ ಆಹಾರ ಬಿಟ್ಟರೂ ಈ ಪ್ರಾಣಿಯ ಕರುಳು ಕೆಲಸ ನಿಲ್ಲಿಸಬಹುದು. ಬಳಿಕ ಕೇಳಿದರು: "ಪಂಜರ ಎಷ್ಟು ದೊಡ್ಡದು? ಬಟ್ಟಲು ಎಷ್ಟು?"

"ಎರಡು ಅಡಿಯ ಪಂಜರ. ಬಟ್ಟಲು ಒಂದೇ, ಅಡಗುವ ಡಬ್ಬವೂ ಒಂದೇ."

ವೈದ್ಯರು ವಿವರಿಸಿದರು. ಗಿನಿಪಿಗ್ ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯದು, ಗುಂಪಿನಲ್ಲಿ ಬಾಳುವ ಜೀವಿ. ಅದನ್ನು ಒಂಟಿಯಾಗಿ ಸಾಕಬಾರದೆಂದು ಸ್ವಿಟ್ಜರ್ಲೆಂಡ್ 2008ರಲ್ಲಿ ನಿಯಮವನ್ನೇ ಮಾಡಿತು. ಗುರುಗುಟ್ಟುವುದೂ ಅಟ್ಟುವುದೂ ಹಿರಿಕಿರಿಯರ ನಿರ್ಣಯಕ್ಕಾಗಿ. ಹಲ್ಲು ಕಟಕಟಿಸುವುದು ಎಚ್ಚರಿಕೆ. ರಕ್ತ ಬರುವಂತೆ ಕಚ್ಚಿದರೆ ಮಾತ್ರ ಬೇರ್ಪಡಿಸಬೇಕು. ಆಗಲೂ ನಡುವೆ ಜಾಲರಿಯಷ್ಟೇ ಇರಲಿ. ಪರಸ್ಪರ ಕಾಣಲಿ, ವಾಸನೆ ತಿಳಿಯಲಿ.

ಖಾನಾಪುರದ ಮರಿ ಮರಳಿ ಬಂದಿತು. ಅದನ್ನು ನೇರವಾಗಿ ಹಳೆಯ ಪಂಜರಕ್ಕೆ ಬಿಡಲಿಲ್ಲ. ಎರಡಕ್ಕೂ ಹೊಸದಾದ, ತೊಳೆದ ಪಡಸಾಲೆಯಲ್ಲಿ ಎರಡು ರಾಶಿ ಹುಲ್ಲು ಹಾಕಿ ಬಿಟ್ಟರು. ಸ್ವಲ್ಪ ಹೊತ್ತು ಅಟ್ಟಾಡಿ, ಕೊನೆಗೆ ಎರಡೂ ತಿನ್ನತೊಡಗಿದವು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹೊಸ ಪಂಜರ ಸಿದ್ಧವಾಯಿತು. ಅದರಲ್ಲಿ ಎರಡು ಬಟ್ಟಲು. ಒಂದನ್ನು ಇನ್ನೊಂದು ಮೂಲೆಗೊತ್ತದಂತೆ ಎರಡೆರಡು ಬಾಗಿಲಿನ ಎರಡು ಡಬ್ಬ. ಸಿ ಜೀವಸತ್ವವನ್ನು ದೇಹದಲ್ಲೇ ತಯಾರಿಸಿಕೊಳ್ಳಲಾರದ ಅವುಗಳಿಗೆ ನಿತ್ಯ ಢಬ್ಬು ಮೆಣಸಿನಕಾಯಿಯ ಚೂರು ಸಿಗತೊಡಗಿತು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬಂಧನವೂ ಅನ್ನಪಾನಗಳನ್ನು ತಡೆಯುವುದೂ ಅವುಗಳಲ್ಲಿ ಸೇರಿವೆ. ಹಿರಿಯರು ವರ್ಷಗಳಿಂದ ಸ್ವಾಧ್ಯಾಯದಲ್ಲಿ ಇದನ್ನು ಓದುತ್ತ, ಎತ್ತು ಹೂಡುವವರಿಗೆ ಹೇಳಿದ ಮಾತೆಂದು ತಿಳಿದಿದ್ದರು. ಇಕ್ಕಟ್ಟಾದ ಪಂಜರ ಬಂಧನವಲ್ಲವೇ? ಬಲವುಳ್ಳದ್ದು ಒಂದೇ ಬಟ್ಟಲಿಗೆ ಅಡ್ಡ ನಿಂತಾಗ, ದುರ್ಬಲ ಜೀವದ ಅನ್ನವನ್ನು ತಡೆದವರು ಯಾರು? ಜಗಳವಾಡಿದವು ಪ್ರಾಣಿಗಳು, ಜಗಳಕ್ಕೆ ಎಡೆ ಮಾಡಿದವರು ಯಜಮಾನರು. ಅವರು ಅಗಲಿಕೆಯ ಶಿಕ್ಷೆಯನ್ನು ಪ್ರಾಣಿಗಳಿಗೆ ಕೊಟ್ಟು, ಅದನ್ನೇ ಅಹಿಂಸೆಯೆಂದು ಭಾವಿಸಿದ್ದರು.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯಂದು ಮನೆಮಂದಿಯೆಲ್ಲ ಪರಸ್ಪರ ಕ್ಷಮೆ ಕೇಳುತ್ತಿದ್ದರು. ಮೊಮ್ಮಗ ಕೇಳಿದನು: "ಅಜ್ಜಾ, ಇವುಗಳಿಗೆ?" ಹಿರಿಯರು ಪಂಜರದ ಮುಂದೆ ಕುಳಿತು ಕೈಮುಗಿದರು. ಒಳಗೆ ಒಂದು ಹುಲ್ಲು ಮೆಲ್ಲುತ್ತಿತ್ತು, ಇನ್ನೊಂದು ಗುರುಗುಟ್ಟುತ್ತಿತ್ತು. ಈ ಬಾರಿ ಅವರು ಗಾಬರಿಯಾಗಲಿಲ್ಲ.