ಕಳೆದ ಒಡವೆ

ಒಡವೆಯು ಮೈಮೇಲಿರುವವರೆಗೆ ಅದರ ಬೆಲೆಯನ್ನು ಅಕ್ಕಸಾಲಿಗನು ತೂಗಿ ಹೇಳಬಲ್ಲನು. ಕಳೆದುಹೋದ ಮೇಲೆ ಅದರ ಬೆಲೆ ಎಷ್ಟೆಂಬುದನ್ನು ಹೇಳುವವರಾರು? ನಮ್ಮ ಸೀಮೆಗೆ ಚಿನ್ನದ ಮಾತು ಹೊಸದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದುವು. ಆ ಜಿಲ್ಲೆಯ ಗಣಿಯಲ್ಲಿ, 2001ರಲ್ಲಿ ಅದು ಮುಚ್ಚುವ ತನಕ, ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕಿಳಿದು ಚಿನ್ನವನ್ನು ತೆಗೆದರು. ಅಷ್ಟು ಆಳದ ಚಿನ್ನ ಕೈಗೆ ಬಂದರೂ, ಮನೆಯ ಹಿತ್ತಿಲಲ್ಲಿ ಬಿದ್ದ ಚೂರು ಚಿನ್ನ ಸಿಕ್ಕದೆ ಹೋಗುವುದುಂಟು. ಅಂಥ ಎರಡು ಪ್ರಸಂಗಗಳನ್ನು ವಾಚಕರ ಮುಂದಿಡುತ್ತೇವೆ. ಒಂದು ನಡೆದುದು ಚಿಂತಾಮಣಿಯ ಬಳಿಯ ಹಳ್ಳಿಯಲ್ಲಿ; ಮತ್ತೊಂದು ಕಡಲಾಚೆ, ಇಂಗ್ಲೆಂಡಿನ ಮರಳಿನ ಮೇಲೆ.

1966ನೆಯ ಇಸವಿಯ ದೀಪಾವಳಿ. ನಮಗಾಗ ಒಂಬತ್ತು ವರ್ಷ. ನರಕಚತುರ್ದಶಿಯ ಬೆಳಗಿನ ಜಾವ ಎಣ್ಣೆಯೊತ್ತಿಕೊಳ್ಳುವ ಮುನ್ನ ನಮ್ಮ ತಾಯಿಯವರು ಕಿವಿಯ ಕೆಂಪಿನ ಓಲೆಗಳನ್ನು ಬಿಚ್ಚಿ, ಬಟ್ಟೆಯ ಚೂರಿನಲ್ಲಿ ಸುತ್ತಿ, ಬಾವಿಕಟ್ಟೆಯ ಮೇಲಿಟ್ಟರು. ಅಭ್ಯಂಜನ ಮುಗಿಸಿ ಬಂದು ನೋಡಿದರೆ ಒಂದು ಓಲೆ ಇದೆ, ಇನ್ನೊಂದಿಲ್ಲ! ಹಬ್ಬದ ಮನೆ ಹಾಳುಮನೆಯಂತಾಯಿತು. ತಂದೆಯವರು ನೆರೆಮನೆಯಿಂದ ಪಾತಾಳಗರಡಿಯನ್ನು ತರಿಸಿದರು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳನ್ನು ತೂಗಬಿಟ್ಟ ಆ ಸಾಧನವನ್ನು ಇಂದಿನ ಮಕ್ಕಳು ಕಂಡಿರಲಾರರು. ಬಾವಿಗೆ ಬಿದ್ದ ಕೊಡ ಬಿಂದಿಗೆಗಳನ್ನು ಮೇಲೆತ್ತುವುದಕ್ಕಾಗಿ ಊರಿನ ಒಂದೆರಡು ಮನೆಗಳಲ್ಲಿ ಅದಿರುತ್ತಿತ್ತು. ಮೂರು ಸಲ ಇಳಿಬಿಟ್ಟುದಕ್ಕೆ ಒಂದು ತಾಮ್ರದ ಚೊಂಬೂ ತುಕ್ಕು ಹಿಡಿದ ಬಕೀಟಿನ ಹಿಡಿಯೂ ಬಂದುವು, ಓಲೆ ಬರಲಿಲ್ಲ. ಕೊಡದ ಕಂಠಕ್ಕೆ ಸಿಕ್ಕುವ ಕೊಕ್ಕೆಗೆ ಓಲೆ ಹೇಗೆ ಸಿಕ್ಕೀತು? ಅದನ್ನು ಆಗ ಒಬ್ಬರೂ ಯೋಚಿಸಲಿಲ್ಲ. “ಬಾವಿಯಲ್ಲಿ ಇಲ್ಲವೆಂದ ಮೇಲೆ ಇನ್ನೆಲ್ಲಿಗೆ ಹೋಯಿತು?” ಎಂದು ಯಾರೋ ಅಂದರು. ಆ ಮಾತು ಸುತ್ತಿ ಸುತ್ತಿ ಬಂದು, ಮುಸುರೆ ತಿಕ್ಕುತ್ತಿದ್ದ ಹೆಂಗಸಿನ ಮೇಲೆ ನಿಂತಿತು.

ಅಂಜನ ಹಾಕಿಸಿದ್ದೂ ಆಯಿತು. ವೀಳೆಯದೆಲೆಗೆ ಬಳಿದ ಕಾಡಿಗೆಯಲ್ಲಿ ನೋಡಿದವನು, “ಮನೆಯೊಳಗೆ ಓಡಾಡುವ ಕಪ್ಪು ಹೆಂಗಸು” ಎಂದನು. ಹಾಗೆ ಓಡಾಡುತ್ತಿದ್ದವಳು ಆಕೆಯೊಬ್ಬಳೇ. ಅವಳನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅವಳು ಒಳಗೆ ಬಂದೊಡನೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಹದಿನೈದು ದಿನ ಇದನ್ನು ಸಹಿಸಿ, ಆಕೆ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಆ ಮಗಳು ನಮ್ಮೊಡನೆ ಕುಂಟೆಬಿಲ್ಲೆ ಆಡುತ್ತಿದ್ದವಳು.

1972-73ರ ಬರಗಾಲದಲ್ಲಿ ಬಾವಿಯು ತಳಕಂಡಿತು. ಹೂಳು ತೆಗೆಯುವವರು ಇಳಿದರು. ಮೇಲಕ್ಕೆ ಬಂದ ಮಂಕರಿಯೊಂದರ ಕೆಸರಿನಲ್ಲಿ ಓಲೆಯಿತ್ತು. ತಾಯಿಯವರು ಅದನ್ನು ತೊಳೆಯಲಿಲ್ಲ. ಕೆಸರಿನೊಡನೆಯೇ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ವಿಚಾರಿಸಲಾಗಿ ಆ ಹೆಂಗಸು ಗೌರಿಬಿದನೂರಿನ ಕಡೆ ಕೂಲಿ ಮಾಡಿಕೊಂಡಿರುವಳೆಂದು ತಿಳಿಯಿತು. ತಾಯಿಯವರು ನಮ್ಮನ್ನೂ ಕರೆದುಕೊಂಡು ಹೋದರು. ಉತ್ತರ ಪಿನಾಕಿನಿಯ ಒಣಮರಳನ್ನು ದಾಟಿ ಅವಳ ಗುಡಿಸಲನ್ನು ಮುಟ್ಟಿದೆವು. ಓಲೆಯನ್ನು ಅವಳ ಮುಂದಿಟ್ಟು, “ಇದು ನಿನಗೇ ಇರಲಿ, ನಮ್ಮದು ತಪ್ಪಾಯಿತು” ಎಂದರು. ಆಕೆ ಅದನ್ನು ಮುಟ್ಟಲಿಲ್ಲ. “ಅಮ್ಮಾವರೆ, ನಿಮ್ಮ ಓಲೆ ಬಾವಿಯಲ್ಲಿತ್ತು, ಸಿಕ್ಕಿತು. ನನ್ನ ಹೆಸರು ಯಾವ ಬಾವಿಯಲ್ಲಿದೆಯೋ, ಅದನ್ನು ಯಾರು ತೆಗೆದುಕೊಡುತ್ತಾರೆ?” ಎಂದಳು. ತಿರುಗಿ ಬರುವಾಗ ತಾಯಿಯವರು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಆ ಓಲೆಯನ್ನು ಅವರು ಮತ್ತೆಂದೂ ಇಟ್ಟುಕೊಳ್ಳಲಿಲ್ಲ. ನಮ್ಮನ್ನು ಶಿಡ್ಲಘಟ್ಟಕ್ಕೆ ಮದುವೆಮಾಡಿ ಕೊಟ್ಟಾಗ, ಅದರ ಚಿನ್ನವನ್ನು ಚಿಕ್ಕಬಳ್ಳಾಪುರದ ಅಕ್ಕಸಾಲಿಗನಿಂದ ಕರಗಿಸಿ, ನಡುಹರಳನ್ನು ಕೂರಿಸಿ, ಉಂಗುರ ಮಾಡಿಸಿದರು. “ಇದನ್ನು ನೋಡಿದಾಗಲೆಲ್ಲ ನೆನಪಿರಲಿ” ಎಂದರು. ಏನು ನೆನಪಿರಬೇಕೆಂಬುದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

2019ರ ಬೇಸಗೆಯಲ್ಲಿ ನಾವೂ ನಮ್ಮ ಯಜಮಾನರೂ ಬ್ರಿಸ್ಟಲ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಗೆ ಸಮೀಪದ ವೆಸ್ಟನ್-ಸೂಪರ್-ಮೇರ್ ಎಂಬುದು ಕಡಲತೀರದ ಊರು. ಪ್ರಪಂಚದಲ್ಲಿ ಸಮುದ್ರವು ಅತಿ ಹೆಚ್ಚು ಏರಿ ಇಳಿಯುವ ಎಡೆಗಳಲ್ಲಿ ಆ ಕರಾವಳಿಯೂ ಒಂದು. ಇಳಿತದ ವೇಳೆ ನೀರು ಸುಮಾರು ಒಂದು ಮೈಲಿ ಹಿಂದಕ್ಕೆ ಸರಿದು, ದೂರದಲ್ಲಿ ಕಾಲು ಹೂಳುವಂಥ ಕೆಸರು ಕಾಣುತ್ತದೆ. ನಾವು ಹೋದಾಗ ನೀರು ಏರಿತ್ತು. ಅಂಚಿನಲ್ಲಿ ಮೊಮ್ಮಗನ ಕಾಲು ತೊಳೆದು, ಚಾಪೆಗೆ ಬಂದು ಕುಳಿತೆವು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿ ಆಡಿಸಿ, ನಮ್ಮ ಉಂಗುರದ ಕೆಂಪನ್ನು ಹೊಗಳಿದ್ದಳು. ಸಂಜೆ ಮನೆಗೆ ಬಂದು ಕೈ ನೋಡಿದರೆ ಬೆರಳು ಬರಿದಾಗಿತ್ತು.

ವಾಚಕರೆ, ನಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. “ಆ ಪಕ್ಕದಲ್ಲಿದ್ದವಳು ಉಂಗುರವನ್ನು ಬಹಳ ನೋಡುತ್ತಿದ್ದಳು” ಎಂಬ ಮಾತು ನಮ್ಮ ಬಾಯಿಂದಲೇ ಹೊರಟಿತು. ಮಗಳು ಅಜ್ಜಿಯ ಕಥೆಯನ್ನು ಕೇಳಿ ಬೆಳೆದವಳು. ನಮ್ಮ ಮುಖವನ್ನೇ ನೋಡುತ್ತ, “ಅಮ್ಮಾ, ಬಾವಿಯ ಹೂಳು ತೆಗೆಸಿದ್ದಾಯಿತೇ?” ಎಂದಳು. ನಮಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಳೆದ ಒಡವೆಗಳನ್ನು ಲೋಹಶೋಧಕ ಯಂತ್ರದಿಂದ ಹುಡುಕಿಕೊಡುವವರು ಆ ದೇಶದಲ್ಲಿ ಇದ್ದಾರೆ. ಹಲವರಿಗೆ ಇದು ಬಿಡುವಿನ ಹವ್ಯಾಸ. ಮಗಳು ವಿಚಾರಿಸಿ ಒಬ್ಬ ವೃದ್ಧರನ್ನು ಗೊತ್ತುಮಾಡಿದಳು. ಮರುದಿನ ಇಳಿತದ ವೇಳೆಗೆ ಅವರು ಬಂದರು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಾಕಾರದ ತಂತಿಸುರುಳಿ, ಕಿವಿಗೆ ಶಬ್ದ ಕೇಳುವ ಸಾಧನ, ಕೈಯಲ್ಲಿ ಜರಡಿಯಂತೆ ತೂತುಗಳಿರುವ ಸಲಿಕೆ. ಸುರುಳಿಯ ವಿದ್ಯುತ್ತಿನಿಂದ ಏಳುವ ಕಾಂತಶಕ್ತಿಯು ಮಣ್ಣಿನೊಳಗಿನ ಲೋಹದಲ್ಲಿ ಪುಟ್ಟ ವಿದ್ಯುತ್‌ಪ್ರವಾಹವನ್ನು ಹುಟ್ಟಿಸುತ್ತದೆ. ಅದರ ಮಾರುತ್ತರವೇ ಕಿವಿಗೆ ನಾದವಾಗಿ ಕೇಳುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹೊಕ್ಕ ಗುಂಡನ್ನು ಹುಡುಕಲು, ದೂರವಾಣಿಗೆ ಹೆಸರಾದ ಗ್ರಹಾಂ ಬೆಲ್ಲರು ಇಂಥದೊಂದನ್ನು ಕಟ್ಟಿ ನೋಡಿದರು, ಗುಂಡು ಸಿಕ್ಕಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, ಪೋಲೆಂಡಿನ ಕೊಸಾಟ್ಸ್ಕಿ ಎಂಬ ಸೈನ್ಯಾಧಿಕಾರಿ ನಿರ್ಮಿಸಿದ ಯಂತ್ರವು 1942ರಲ್ಲಿ ಎಲ್ ಅಲಮೈನಿನ ಮರಳಿನಲ್ಲಿ ಹುಗಿದ ಸಿಡಿಗುಂಡುಗಳನ್ನು ಹುಡುಕಿತು.

ಆ ವೃದ್ಧರು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ಎಲ್ಲಿ ಕುಳಿತಿದ್ದಿರಿ, ಎಷ್ಟು ಹೊತ್ತಿನಲ್ಲಿ, ನೀರಿಗೆ ಕೈಯಿಟ್ಟಿರಾ ಎಂದು ಒಂದೊಂದಾಗಿ ಕೇಳಿದರು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುವುದರಿಂದ ಉಂಗುರ ಜಾರುವುದು ಬಹಳವಂತೆ. ಬಳಿಕ ಮರಳಿನ ಮೇಲೆ ಸಾಲುಗೆರೆಗಳನ್ನೆಳೆದು, ಉಳುವವನಂತೆ ಒಂದು ಸಾಲು ಹೋಗಿ, ಮರುಸಾಲು ಬಂದರು. ಚಿನ್ನದ ಉಂಗುರಕ್ಕೂ ಪಾನೀಯದ ಡಬ್ಬಿಯ ತುಂಡಿಗೂ ಯಂತ್ರದ ನಾದ ಹೆಚ್ಚುಕಡಮೆ ಒಂದೇ. ಆದ್ದರಿಂದ ಕಿವಿಯಲ್ಲಿ ಕೇಳಿದ ಮಾತ್ರಕ್ಕೆ ತೀರ್ಮಾನಿಸದೆ ಪ್ರತಿಯೊಂದನ್ನೂ ಅಗೆದು ನೋಡಬೇಕು. ಮುಚ್ಚಳಗಳು, ಮೊಳೆಗಳು, ಕೆಲವು ನಾಣ್ಯಗಳು ಬಂದುವು. ಮೂರನೆಯ ಗಂಟೆಯಲ್ಲಿ, ಚಾಪೆ ಹಾಸಿದ್ದ ಕಡೆಯಲ್ಲಲ್ಲ, ಮಗುವಿನ ಕಾಲು ತೊಳೆದ ಕಡೆಯಲ್ಲಿ, ಗೇಣುದ್ದದ ಆಳದಿಂದ ನಮ್ಮ ಉಂಗುರವು ಮೇಲೆ ಬಂದಿತು. ಚಿನ್ನವು ನೀರಿನ ಹತ್ತೊಂಬತ್ತರಷ್ಟು ತೂಕದ್ದು. ಅಲೆಯು ಕದಡಿದಷ್ಟೂ ಹಗುರವಾದ ಮರಳಿನಲ್ಲಿ ಕೆಳಗಿಳಿಯುತ್ತದೆ. ಅಕ್ಕಸಾಲಿಗರ ಅಂಗಡಿಯ ಕಸಮಣ್ಣನ್ನು ತೊಳೆದು ಚಿನ್ನದ ರಜವನ್ನು ತೆಗೆಯುವವರೂ ಇದೇ ಗುಣವನ್ನು ನಂಬಿದವರು.

ಕೂಲಿ ಕೊಡಹೋದರೆ ಅವರು ಒಂದು ಬಟ್ಟಲು ಕಾಫಿಯನ್ನು ಮಾತ್ರ ಒಪ್ಪಿಕೊಂಡರು. “ಒಡೆಯರಿರುವ ವಸ್ತು ಒಡೆಯರಿಗೇ ಸೇರಬೇಕು” ಎಂದರು. ಪುರಾತನ ನಿಧಿ ಸಿಕ್ಕಿದರೆ ಹದಿನಾಲ್ಕು ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕೆಂದು ಅಲ್ಲಿಯ 1996ರ ಕಾನೂನು ವಿಧಿಸುತ್ತದೆ. ನಮ್ಮ ದೇಶದಲ್ಲಿಯೂ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರಲ್ಲಿಯೇ ಕಾನೂನು ಮಾಡಿದರು.

ಉಂಗುರವನ್ನು ಬೆರಳಿಗಿಟ್ಟುಕೊಂಡಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಅದು ಸಿಕ್ಕದೆ ಹೋಗಿದ್ದರೆ, ಹೆಸರು ಸಹ ಅರಿಯದ ಆ ಹೆಂಗಸು ನಮ್ಮ ಮನಸ್ಸಿನಲ್ಲಿ ಸಾಯುವವರೆಗೂ ಕಳ್ಳಿಯಾಗಿ ಉಳಿಯುತ್ತಿದ್ದಳಲ್ಲವೆ?

ಗೃಹಿಣಿಯರಿಗೆ ನಮ್ಮ ಅನುಭವದ ಮಾತು ಇಷ್ಟೆ. ನೀರಿಗಿಳಿಯುವಾಗ ಒಡವೆಯನ್ನು ಮನೆಯಲ್ಲಿಯೇ ಬಿಡಿರಿ. ತೂಕವನ್ನು ಬರೆದು, ಚಿತ್ರವನ್ನು ತೆಗೆಸಿಟ್ಟಿರಿ. ಕಳೆದರೆ ಅಲ್ಲಿಯೇ ನಿಂತು, ಗುರುತು ಮಾಡಿ, ನಡೆದ ಹಾದಿಯನ್ನು ನೆನೆಯಿರಿ. ಮಣ್ಣನ್ನೆಲ್ಲ ಜಾಲಾಡುವವರೆಗೆ ಮನುಷ್ಯರ ಹೆಸರನ್ನೆತ್ತಬೇಡಿರಿ. ನಮ್ಮ ಹಳ್ಳಿಯ ಆ ಬಾವಿ ಈಗ ಬತ್ತಿದೆ; ಸುತ್ತಲೂ ಸಾವಿರ ಅಡಿಗೂ ಮಿಕ್ಕ ಕೊಳವೆಬಾವಿಗಳು. ಊರಿಗೆ ಹೋದಾಗಲೆಲ್ಲ ಅದರ ಕಟ್ಟೆಯ ಮೇಲೆ ತುಸುಹೊತ್ತು ಕುಳಿತು ಬರುತ್ತೇವೆ. ಓಲೆ ಸಿಕ್ಕಿದ ಬಾವಿ ಅದು. ಆ ಹೆಂಗಸಿನ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ.