ಮತ್ತೆ ಓಟ, ಮತ್ತೆ ಬಾವಿ

ಭಾಗ 1/6

ಹೋದ ವಾರ ಹಾಕಿದ ಕೆಸರು ಹತ್ತಿದ ಶೂ ಫೋಟೋಕ್ಕೆ ಭಾಳ ಮಂದಿ ಮೆಸೇಜ್ ಮಾಡಿದ್ರಿ. ಅರ್ಧ ಮಂದಿ ಕೇಳಿದ್ದು ಒಂದೇ: "ಪೊಲೀಸ್ ಭರ್ತಿಗೆ ತಯಾರಿ ನಡಸೀಯೇನು?"

ಇಲ್ಲರೀ. ನಮ್ಮ ಕಡೆ ಹೆಣ್ಣುಮಗಳು ರಸ್ತೆ ಮ್ಯಾಲೆ ಓಡಿದ್ಲಂದ್ರ ಒಂದೋ ಭರ್ತಿ ಇರಬೇಕು, ಇಲ್ಲಾ ನಾಯಿ ಬೆನ್ನು ಹತ್ತಿರಬೇಕು.

ಗಂಡುಹುಡುಗರ ಓಟ ಎಲ್ಲರಿಗೂ ರೂಢಿ ಆಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆ ಹೋದರೂ ನಸುಕಿನ್ಯಾಗ ಓಡುವ ಹುಡುಗರು ಕಾಣ್ತಾರೆ. ಕಾನ್‌ಸ್ಟೆಬಲ್ ಆಗಬೇಕಂದ್ರೆ ಅವರು 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಅಗ್ನಿವೀರ್ ಭರ್ತಿಗೂ 1600 ಮೀಟರೇ. ನೌಕರಿ ಇರೋ ಓಟ ಊರಿಗೆ ಅರ್ಥ ಆಗ್ತದ. ಸುಮ್ಮನೆ ಓಡೋದು, ಸುಮ್ಮನೆ ಈಸೋದು ಅಂದ್ರೆ ಏನು ಅಂತ ಹೇಳೋದೇ ಕಷ್ಟ. ಈ ಸರಣಿ ಆ ಕಷ್ಟದ ಬಗ್ಗೆ.

ಹೊಸಬರಿಗೆ ನನ್ನ ಪರಿಚಯ: ವಯಸ್ಸು 20, ಬಿಕಾಂ, ಊರು ಬೈಲಹೊಂಗಲದ ಸನೇದ ಒಂದು ಹಳ್ಳಿ. ಮನೆಯಲ್ಲಿ ಆಯಿ, ಅಪ್ಪ, ಅವ್ವ, ಅಣ್ಣ, ವೈನಿ, ಅವರ ಏಳು ವರ್ಷದ ಮಗಳು, ನಾನು. ಎರಡು ಎಮ್ಮೆ ಲೆಕ್ಕಕ್ಕೆ ಹಿಡಿದರೆ ಒಂಬತ್ತು ಜನ. ಹಿಡಿಯಲೇಬೇಕು, ಯಾಕಂದ್ರ ಮನೆಯ ಟೈಮ್ ಟೇಬಲ್ ಬರೆಯೋರು ಅವೇ.

ಭಾಗ 2/6

(ಫೋಟೋ: ಎಂಟನೇ ಇಯತ್ತೆಯ ನಾನು. ಎಡಗಡೆ ಎರಡು ಜಡಿ ಹಾಕಿದಾಕಿ.)

ಸಾಲ್ಯಾಗ 400 ಮೀಟರ್ ಓಡ್ತಿದ್ದೆ. ತಾಲೂಕಾ ಮಟ್ಟದಲ್ಲಿ ಎರಡನೇ ನಂಬರ್ ಬಂದಿದ್ದೆ. ಈಸು ಕಲಿತದ್ದು ಅದಕ್ಕೂ ಮೊದಲು, ಹೊಲದ ಬಾವಿಯಲ್ಲಿ, ಅಜ್ಜನ ಕೈಯಾಗ. ಅಜ್ಜ ನಡಕ್ಕೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಹಗ್ಗದ ತುದಿ ತಾನು ಹಿಡಕೊಂಡು ನನ್ನ ನೀರಿಗೆ ಬಿಡ್ತಿದ್ದ. ಅವನ ಕಾಲದಾಗ ಒಣಗಿದ ಸೋರೆಬುರುಡೆ ಕಟ್ತಿದ್ದರಂತೆ. ಒಂದು ಬೇಸಿಗೆ ರಜೆಯಲ್ಲಿ ಕ್ಯಾನ್ ಬಿಚ್ಚಿತು, ಮುಂದಿನ ರಜೆಗೆ ಹಗ್ಗನೂ ಬಿಚ್ಚಿತು.

ಆಮೇಲೆ ಎಲ್ಲಾ ನಿಂತಿತು. ಯಾರೂ "ಬ್ಯಾಡ" ಅನ್ನಲಿಲ್ಲ. ದೊಡ್ಡಾಕಿ ಆದ ಮೇಲೆ ಬಾವಿಗೆ ಹೋಗುವಾಗ ನನ್ನ ಕರೆಯೋದು ನಿಂತಿತು, ಅಷ್ಟೇ. ಓಟದ್ದೂ ಹಂಗೇ. ಪಿಯುಸಿ ಬಂತು, ಬಸ್ಸಿನ ಟೈಮ್ ಬಂತು, ಅಜ್ಜ ತೀರಿಕೊಂಡ, ವೈನಿಗೆ ಒಬ್ಬಾಕಿಗೇ ಕೆಲಸ ಹೆಚ್ಚಾತು ಅಂತ ರೊಟ್ಟಿ ನನ್ನ ಪಾಲಿಗೆ ಬಂತು. "ಬ್ಯಾಡ" ಅಂದಿದ್ದರೆ ಜಗಳ ಆಡಬಹುದಿತ್ತು. ಯಾರೂ ಹೇಳದೇ ಇರೋ ಮಾತಿನ ಜೋಡಿ ಜಗಳ ಹೆಂಗ ಆಡೋದು?

ನಮ್ಮ ಸೀಮೆ ಎಂಥಾದ್ದು ನೋಡ್ರಿ. 1824ರಲ್ಲಿ ಕಿತ್ತೂರು ಚೆನ್ನಮ್ಮ ಕಂಪನಿ ಸೈನ್ಯಕ್ಕೆ ಎದುರು ನಿಂತಳು, 1829ರಲ್ಲಿ ನಮ್ಮ ಬೈಲಹೊಂಗಲದಾಗ ಸೆರೆಯಲ್ಲಿದ್ದಾಗಲೇ ತೀರಿಕೊಂಡಳು. ಸಮಾಧಿ ಇಲ್ಲೇ ಐತಿ. ಕಿತ್ತೂರಿನಲ್ಲಿ ಅವಳ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ 1969ರಿಂದ ನಡೀತಾ ಇದೆ. ಪ್ರತಿ ಅಕ್ಟೋಬರಿನಲ್ಲಿ ಉತ್ಸವ. ಕುದುರೆ ಹತ್ತಿದ ರಾಣಿಯ ಮೂರ್ತಿಗೆ ಎಲ್ಲರೂ ಹಾರ ಹಾಕ್ತೀವಿ. ಅದೇ ಮೂರ್ತಿ ಮುಂದ ಒಬ್ಬ ಹುಡುಗಿ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಓಡಿದರೆ ಹತ್ತು ಮಂದಿ ಹೊಳ್ಳಿ ನೋಡ್ತಾರೆ.

ಭಾಗ 3/6

(ಫೋಟೋ: ಹಳ್ಳದ ಸೇತುವೆ, ಬೆಳಿಗ್ಗೆ 5:50. ದೂರದಲ್ಲಿ ಕಾಣೋ ಹಸಿರು ಸೀರೆ ನಮ್ಮ ಅವ್ವ.)

ಓಟ ಮತ್ತೆ ಶುರು ಆಗಿದ್ದು ಅವ್ವನ ಸಕ್ಕರೆಯಿಂದ. ಹೋದ ವರ್ಷ ರಕ್ತ ಟೆಸ್ಟ್ ಮಾಡಿಸಿದಾಗ ಶುಗರ್ ಜಾಸ್ತಿ ಬಂತು. ಡಾಕ್ಟರ್ ಗುಳಿಗಿ ಬರೆದು, ದಿನಾ ಅರ್ಧ ತಾಸು ನಡೀರಿ ಅಂದ್ರು. ಅವ್ವ ಜೀವಮಾನ ಪೂರ್ತಿ ನಡದಾಕಿ. ಹೊಲಕ್ಕೆ, ಸಂತಿಗೆ, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ. ಆದರೆ ಕೈಯಾಗ ಬುಟ್ಟಿ ಇಲ್ಲದೆ, ಯಾವ ಕೆಲಸನೂ ಇಲ್ಲದೆ ನಡೆಯೋದು ಅವಳಿಗೆ ನಾಚಿಕೆ. "ಮಂದಿ ಏನಂತಾರ? ನೀ ಜೋಡಿ ಬಂದ್ರ ಬರ್ತೀನಿ."

ಹೋದೆ. ಅವ್ವ ನಡೀತಾಳೆ, ನಾನು ಮುಂದೆ ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆದು ಹಿಂದಕ್ಕೆ ಬಂದು ಅವಳನ್ನ ಕೂಡ್ತೀನಿ. ಇಂಥಾ ಸುತ್ತು ಎಂಟು, ಒಟ್ಟು 20 ನಿಮಿಷ. ಇದು ನನ್ನ ಸಂಶೋಧನೆ ಏನಲ್ಲ. ಹೊಸದಾಗಿ ಓಡೋರಿಗೆ ಜಗತ್ತಿನಾದ್ಯಂತ ಹೇಳಿಕೊಡೋ "ಕೌಚ್ ಟು 5ಕೆ" ಅನ್ನೋ ಕ್ರಮದ ಮೊದಲ ವಾರ. ವಾರಕ್ಕೆ ಮೂರೇ ದಿನ. ಓಡುವಾಗ ಬಾಯಿಬಿಟ್ಟು ಮಾತಾಡಲಿಕ್ಕೆ ಬರಬೇಕು. ಬರಲಿಲ್ಲ ಅಂದ್ರೆ ಜೋರಾತು ಅಂತ ಅರ್ಥ.

ಆ ಕ್ರಮದ ಪ್ರಕಾರ ಒಂಬತ್ತು ವಾರಕ್ಕೆ 5 ಕಿಲೋಮೀಟರ್ ಆಗಬೇಕು. ನನಗೆ ಹದಿನಾಲ್ಕು ವಾರ ಬೇಕಾದವು. ನಳ ಬಂದ ದಿನ ಓಟ ಇಲ್ಲ, ಕೊಡ ತುಂಬಬೇಕು. ಎಮ್ಮೆ ಕರು ಹಾಕಿದ ವಾರ ಇಲ್ಲ. ಇಂಟರ್ನಲ್ಸ್ ಇದ್ದಾಗ ಇಲ್ಲ. ಕಾಸ್ಟ್ ಅಕೌಂಟಿಂಗ್ ಓದೋರಿಗೆ ಗೊತ್ತು: ಮನೆಗೆಲಸ ಅನ್ನೋದು ಫಿಕ್ಸೆಡ್ ಕಾಸ್ಟ್. ನಾವು ಓಡಲಿ, ಬಿಡಲಿ, ಅದು ಇದ್ದೇ ಇರ್ತದ. ಅದನ್ನ ಕಳೆದು ಉಳಿದ 40 ನಿಮಿಷದಾಗ ನಮ್ಮ ಲಾಭ ನೋಡಬೇಕು.

ಮೊದಮೊದಲು ದಾರಿಯಲ್ಲಿ ಯಾರಾದ್ರೂ "ಎಲ್ಲಿಗೆ ಹೊಂಟೀರಿ ಇಷ್ಟ ಮುಂಜಾನೆ?" ಅಂದ್ರೆ ಅವ್ವ ಥಟ್ಟನೆ "ಡಾಕ್ಟರ್ ಹೇಳ್ಯಾರ" ಅಂತಿದ್ಲು. ಚೀಟಿ ತೋರಿಸೋ ಹಂಗ. ಮೂರು ತಿಂಗಳ ಮೇಲೆ ಒಂದು ದಿನ ಅದೇ ಪ್ರಶ್ನೆಗೆ "ಎಲ್ಲಿಗೂ ಇಲ್ಲ, ಅಡ್ಡಾಡಾಕ" ಅಂದ್ಲು. ನಾನು ಏನೂ ಅನ್ನಲಿಲ್ಲ. ಸುಮ್ಮನೆ ಮುಂದಿನ ಸುತ್ತು ಸ್ವಲ್ಪ ಜೋರು ಓಡಿದೆ.

ಭಾಗ 4/6

(ಫೋಟೋ: ನಮ್ಮ ಬಾವಿ. ಪಾವಟಿಗಿ ಮ್ಯಾಲೆ ಕೂತಾಕಿ ವೈನಿ. ಮುಖ ಹಾಕಬ್ಯಾಡ ಅಂದಾಳೆ, ಅದಕ್ಕ ಹಿಂದಿನಿಂದ.)

ಬಾವಿಯ ಕಥೆ ಬೇರೆ. ಈ ಬೇಸಿಗೆಯಲ್ಲಿ ಅಣ್ಣ ಮಗಳಿಗೆ ಈಸು ಕಲಿಸಲಿಕ್ಕೆ ಶುರು ಮಾಡಿದ. ಅದೇ ಬಾವಿ, ಹಂಥಾದ್ದೇ ಎಣ್ಣೆ ಕ್ಯಾನ್. ನಾನೂ ವೈನಿನೂ ಪಾವಟಿಗಿ ಮ್ಯಾಲೆ ಟಾವೆಲ್ ಹಿಡಕೊಂಡು ಕೂತಿದ್ವಿ. ಹುಡುಗಿ ನೀರಾಗಿಂದ ತಲಿ ಎತ್ತಿ ಕೇಳಿದಳು: "ಅತ್ತಿ, ನೀ ಯಾಕ ಇಳಿಯೂದಿಲ್ಲ? ನಿನಗ ಬರೂದಿಲ್ಲೇನು?"

ನಾನು ಉತ್ತರ ಹುಡುಕೋದರೊಳಗೆ ವೈನಿ ಹೇಳಿದಳು: "ಅತ್ತಿಗೂ ಬರತೈತಿ. ನನಗೂ ಬರತೈತಿ."

ಅಣ್ಣ ನೀರಾಗೇ ನಿಂತು ನೋಡಿದ. "ನಿನಗ ಈಸು ಬರತೈತಾ? ಹೇಳೇ ಇಲ್ಲಲ್ಲ?"

"ನೀವು ಕೇಳಬೇಕಲ್ರೀ. ಕನ್ಯಾ ನೋಡಾಕ ಬಂದಾಗ ಅಡಿಗಿ ಏನೇನು ಬರತೈತಿ ಅಂತ ಕೇಳಿದ್ರಿ. ಈಸು ಬರತೈತೇನು ಅಂತ ಯಾರ್ ಕೇಳಿದ್ರಿ?"

ವೈನಿಯ ತವರು ರಾಮದುರ್ಗದ ಕಡೆ, ಮಲಪ್ರಭಾ ದಂಡಿ ಮ್ಯಾಲಿನ ಊರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟೋ ಹೊಳೆ, ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಾಗ ನಿಂತು, ಮುನವಳ್ಳಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡ್ತದ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಅರಿಬಿ ಒಗಿಯಾಕ ಹೋದ ಹುಡುಗಿಯರೆಲ್ಲಾ ಮಡುವಿನಾಗ ಈಸ್ತಿದ್ದರಂತೆ. ನಮ್ಮ ಮನೆಗೆ ಬಂದು ಎಂಟು ವರ್ಷ ಆದವು. ಎಂಟು ವರ್ಷ ಆಕಿ ಆ ಬಾವಿಯಿಂದ ಕೊಡ ತುಂಬಿದಾಳೆ.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳಿಗೇ ಹೊಳೆ ನುಗ್ಗಿತ್ತು. ವೈನಿಯ ತವರುಮನೆಯವರು ದನ ಬಿಚ್ಚಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಸಾಲಿ ಕಟ್ಟಡಕ್ಕೆ ಹೋದ್ರು. ಫೋನ್ ಹತ್ತದ ಎರಡು ದಿನ ಆಕಿ ವರ್ಷದ ಕೂಸು ಎತ್ತಿಕೊಂಡು ನಮ್ಮ ಪಡಸಾಲಿಯೊಳಗ ನಡೆದಾಡಿದ್ದು ನನಗೆ ನೆನಪಿದೆ.

ಆ ಕೂಸೇ ಈಗ ನೀರಾಗಿತ್ತು. ವೈನಿ ಹೇಳಿದ್ದು: "ಹೊಳಿ ಬಂದಾಗ ಈಸು ಉಪಯೋಗಕ್ಕ ಬರೂದಿಲ್ಲ, ಮೊದಲ ಮನಿ ಬಿಡಬೇಕು. ಆದ್ರ ನೀರಿನ ಅಂಜಿಕಿ ಇದ್ದವರು ನಿಂತಲ್ಲೇ ನಿಂತ ಬಿಡ್ತಾರ. ನನ್ನ ಮಗಳು ಹಂಗ ನಿಲ್ಲಬಾರದು."

ಭಾಗ 5/6

ನಾವಿಬ್ಬರೂ ಇಳಿದದ್ದು ಮುಂದಿನ ಸೋಮವಾರ, ಮಧ್ಯಾಹ್ನ, ಗಂಡಸರು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ.

ಏನು ಹಾಕ್ಕೊಳ್ಳೋದು ಅಂತ ಭಾಳ ಜನ ಹುಡುಗಿಯರು ಕೇಳ್ತೀರಿ. ತೋಳು ಪೂರ್ತಿ ಇರೋ ನೈಲಾನ್ ಟೀ ಶರ್ಟ್, ಲೆಗ್ಗಿಂಗ್ಸ್. ಓಡ್ನಿ ಬ್ಯಾಡ, ಸೀರಿ ಬ್ಯಾಡ, ಸಡಲ ಚೂಡಿದಾರ್ ಬ್ಯಾಡ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗ್ತದ, ಕಾಲಿಗೆ ಸುತ್ತಿಕೊಳ್ತದ. ಇದು ಫ್ಯಾಷನ್ ಮಾತಲ್ಲ, ಜೀವದ ಮಾತು.

ನೀರಿಗೆ ಬಿದ್ದ ಮೇಲೆ ಗೊತ್ತಾದದ್ದು: ಕೈಕಾಲು ಏನೂ ಮರೆತಿಲ್ಲ, ದಮ್ಮು ಮಾತ್ರ ಇಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಂಗಾಗಿ ಅಂಜಿ ಕೈ ಬಡಿದಷ್ಟೂ ಸುಸ್ತು ಹೆಚ್ಚು. ಎದಿ ತುಂಬ ಉಸಿರು ಹಿಡಿದು ಅಂಗಾತ ಮಲಗಿದರೆ ನೀರೇ ಹೊರ್ತದ. ಅಜ್ಜ "ನೀರಿನ ಜೋಡಿ ಕುಸ್ತಿ ಹಿಡೀಬ್ಯಾಡ" ಅಂತಿದ್ದದ್ದು ಇದಕ್ಕೇ. ಮೊದಲ ದಿನ ಬಾವಿಯ ಅಡ್ಡಗಲ ಎರಡು ಸಲ ದಾಟಿದೆ. ಈಗ ಇಪ್ಪತ್ತು ಆಗ್ತಾವೆ. ವೈನಿ ನನಗಿಂತ ಜೋರು. ಅದೇನು ಮುಚ್ಚಿಡೋ ಮಾತಲ್ಲ.

ಆಯಿಗೆ ಗೊತ್ತಾದಾಗ ಮನೆಯಲ್ಲಿ ಗದ್ದಲ ಆತು. ಯಾಕಂದ್ರ ಅದೇ ತಿಂಗಳು ಸವದತ್ತಿ ಕಡೆಯಿಂದ ನನ್ನ ನೋಡಲಿಕ್ಕೆ ಬರೋರಿದ್ದರು. "ಬೀಗರು ಬರೂ ಹೊತ್ತಿನ್ಯಾಗ ಇದೇನ ನಿಂದು? ಬಿಸಲಾಗ ಓಡಿ ಕರ್ರಗಾಗೀದಿ, ಇನ್ನ ಬಾವಿ ಬ್ಯಾರೆ." ಡಿಗ್ರಿ ಮುಗಿಯೋ ತನಕ ಲಗ್ನ ಬ್ಯಾಡ ಅಂತ ನಾನು ಮೊದಲೇ ಹೇಳಿದ್ದೆ. ನೋಡಿ ಹೋಗಲಿ ಬಿಡು ಅಂತ ಅಪ್ಪ ಅಂದಿದ್ದ.

ಅವರು ಬಂದ್ರು. ಅವಲಕ್ಕಿ, ಚಹಾ ಆತು. ಹುಡುಗನ ಕಾಕಾ ಕೇಳಿದರು, "ಹುಡಗಿಗೆ ಏನೇನು ಬರತೈತಿ?"

ಅಪ್ಪ ಮಾತು ಕಮ್ಮಿ ಆಡೋ ಮನುಷ್ಯ. ಕಪ್ಪು ಕೆಳಗಿಟ್ಟು ಹೇಳಿದ: "ಬಿಕಾಂ ಓದಾಕತ್ತಾಳ. ಐದು ಕಿಲೋಮೀಟರ್ ಓಡ್ತಾಳ. ಈಸ್ತಾಳ. ರೊಟ್ಟಿನೂ ಮಾಡ್ತಾಳ."

ಒಳಗೆ ಅಡಿಗಿ ಮನ್ಯಾಗ ವೈನಿ ನನ್ನ ಕೈ ಗಟ್ಟಿ ಹಿಡಿದಳು. ರೊಟ್ಟಿ ಕೊನೆಗೆ ಬಂದದ್ದನ್ನ ನಾವಿಬ್ಬರೂ ಕೇಳಿಸಿಕೊಂಡ್ವಿ.

ಅವರ ಕಡೆಯಿಂದ ಇನ್ನೂ ಫೋನ್ ಬಂದಿಲ್ಲ. ನಮ್ಮ ಮನ್ಯಾಗ ಯಾರೂ ಅದರ ದಾರಿ ಕಾಯ್ತಾ ಇಲ್ಲ, ಆಯಿ ಒಬ್ಬಾಕಿ ಬಿಟ್ಟು. ಮರುದಿನ ಅಪ್ಪ ಬಾವಿಯ ಪಾವಟಿಗಿ ಮ್ಯಾಲಿನ ಪಾಚಿ ತಿಕ್ಕಿಸಿ, ಹೊಸ ಹಗ್ಗ ಕಟ್ಟಿ ಬಂದ. ಯಾಕ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾಗ 6/6

(ಫೋಟೋ: ಹೊಸ ಹಗ್ಗ.)

ಕಡೇ ಭಾಗ. ಇದನ್ನ ಸೇವ್ ಮಾಡಿ ಇಟ್ಕೊಳ್ರಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಹಂಗಾಗಿ ನಮ್ಮ ಮನೆಯ ನಿಯಮ ಹೇಳ್ತೀನಿ:

ಒಬ್ಬರೇ ಇಳಿಯೋದಿಲ್ಲ. ಈಸು ಬರೋರು ಒಬ್ಬರು ಮ್ಯಾಲೆ ಇರಲೇಬೇಕು.
ಬಾವಿ ಮೋಟರಿನ ಸ್ವಿಚ್ ಬಂದ್ ಮಾಡಿ, ಫ್ಯೂಜ್ ತೆಗೆದೇ ಇಳಿಯೋದು.
ಹಗ್ಗ, ಖಾಲಿ ಕ್ಯಾನ್ ಕೈಗೆ ಸಿಗೋ ಹಂಗಿರಬೇಕು. ಯಾರಾದ್ರೂ ಮುಳುಗುತ್ತಿದ್ದರೆ ಹಾರೋದಲ್ಲ, ಮೊದಲು ಹಗ್ಗ ಎಸೆಯೋದು.
ಮಳೆಗಾಲದಾಗ ಹೊಳೆ, ಹಳ್ಳಕ್ಕೆ ಇಳಿಯೋದೇ ಇಲ್ಲ. ಮ್ಯಾಲಿಂದ ನೀರು ಯಾವಾಗ ಬಿಡ್ತಾರೆ ಅಂತ ಕೆಳಗಿದ್ದವರಿಗೆ ಕಾಣೋದಿಲ್ಲ.

ದೊಡ್ಡ ಹೆಸರು ಬೇಕಂದ್ರೆ ನಮ್ಮ ರಾಜ್ಯದಾಗೇ ಇದ್ದಾರೆ. ಎಲುಬು ಬೇಗ ಮುರಿಯೋ ಕಾಯಿಲೆ ಇದ್ದೂ ಪ್ಯಾರಾ ಈಜಿನಲ್ಲಿ ಪದಕ ತಂದ ಬೆಳಗಾವಿಯ ಮೊಯಿನ್ ಜುನ್ನೇದಿ. 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು. ಅವರನ್ನ ನೋಡಿದಾಗ ಖುಷಿ ಆಗ್ತದ. ಆದರೆ ನನ್ನ ನೀರಿಗೆ ಇಳಿಸಿದಾಕಿ ವೈನಿ, ರಸ್ತೆಗೆ ಇಳಿಸಿದಾಕಿ ಅವ್ವ. ಇಬ್ಬರಿಗೂ ಇನ್‌ಸ್ಟಾಗ್ರಾಮ್ ಇಲ್ಲ.

ಅವ್ವನ ಶುಗರ್ ಮೊದಲಿಗಿಂತ ಇಳಿದಿದೆ, ಗುಳಿಗಿ ಇನ್ನೂ ನಡೆದಿದೆ. ಹುಡುಗಿಯ ಕ್ಯಾನ್ ಇನ್ನೂ ಬಿಚ್ಚಿಲ್ಲ, ಮುಂದಿನ ಬೇಸಿಗೆಗೆ ಬಿಚ್ಚಬೇಕು.

ನಿಮಗೆ ಒಂದೇ ಕೆಲಸ ಹೇಳ್ತೀನಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅವ್ವಗ, ಆಯಿಗೆ, ವೈನಿಗೆ, ಚಿಗವ್ವಗ ಕೇಳ್ರಿ: "ನಿನಗ ಈಸು ಬರತೈತೇನು? ಸಾಲ್ಯಾಗ ಓಡ್ತಿದ್ದೇನು?" ಏನು ಹೇಳಿದ್ರು ಅಂತ ಕಮೆಂಟ್‌ನಾಗ ಬರೀರಿ. ನಾನು ಮೊನ್ನೆ ಆಯಿಗೆ ಕೇಳಿದೆ. ಭಾಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದಳು: "ನಿಮ್ಮಜ್ಜಗ ಈಸು ಕಲಿಸಿದಾಕಿ ಯಾರಂತ ಮಾಡೀದಿ?"

#ಬೈಲಹೊಂಗಲ #ಓಟ #ಈಸು #ನಮ್ಮಬಾವಿ