ಆಗುಂಬೆ ಇಳಿಯುವಾಗ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ಸೂರ್ಯಾಸ್ತ ಮುಗಿದದ್ದೇ ತಡ, ಪ್ರವಾಸಿಗರಿಗೆ ಕೆಳಗಿಳಿಯುವ ಅವಸರ. ಇಳಿಜಾರೇ ಕಾರನ್ನು ಎಳೆದೊಯ್ಯುವಾಗ ಪೆಟ್ರೋಲ್ ಏಕೆ ಸುಡಬೇಕೆಂದು ಗೇರನ್ನು ನ್ಯೂಟ್ರಲ್‌ಗೆ ತಳ್ಳುವವರಿದ್ದಾರೆ. ಎಂಜಿನ್ನನ್ನೇ ಆರಿಸುವ ಧೀರರೂ ಇದ್ದಾರೆ.

ಕಾರ್ಬುರೇಟರ್ ಕಾಲದಲ್ಲಿ ಈ ಲೆಕ್ಕಕ್ಕೆ ತುಸು ಹುರುಳಿತ್ತು. ಇಂದಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದು ಇಂಧನವನ್ನು ತಾನೇ ನಿಲ್ಲಿಸುತ್ತದೆ. ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ವೇಗಕ್ಕೂ ಕಡಿವಾಣ. ನ್ಯೂಟ್ರಲ್‌ನಲ್ಲಾದರೋ ಆರಿಹೋಗದಿರಲು ಅದು ಪೆಟ್ರೋಲ್ ಕುಡಿಯುತ್ತಲೇ ಇರಬೇಕು. ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಮುಂದಿನ ತಿರುವಿನಲ್ಲಿ ಪೆಡಲು ಕಲ್ಲು, ಸ್ಟೀರಿಂಗೂ ಬಿಗಿ!

ಹತ್ತುವ ಗೇರಿನಲ್ಲೇ ಇಳಿಯಬೇಕೆಂಬುದು ಘಾಟಿ ಚಾಲಕರ ಹಳೆಯ ಪಾಠ. ಇಕ್ಕಟ್ಟಾದ ಕಡೆ ಹತ್ತುವವರಿಗೆ ದಾರಿ ಬಿಡಬೇಕೆಂಬುದು ನಿಯಮವೇ ಆಗಿದೆ. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡಲು ಎಷ್ಟು ಎಣ್ಣೆ ನುಂಗುತ್ತದೆಂದು ಹೇಳಬೇಕಾಗಿಲ್ಲ.

ಇನ್ನು ಎಂಜಿನ್ ಆರಿಸಲೇಬೇಕೆನ್ನುವವರಿಗೆ ಮೇಲೆ, ಸೂರ್ಯಾಸ್ತದ ಕಟ್ಟೆಯ ಬಳಿಯೇ ಜಾಗವಿದೆ. ಅಲ್ಲಿ ಮಾತ್ರ ಏಸಿ ಹಾಕಿಕೊಂಡು, ಗಾಜು ಏರಿಸಿ, ಎಂಜಿನ್ ಗುರ್ರೆನ್ನಿಸುತ್ತ ಕೂರುತ್ತಾರೆ.